ಲೆಕ್ಕ ಸರಿ, ಆದರೆ ಚಿಕ್ಕವನ ಕಡೆಯೇ ಹಲಗೆ ಇಳಿಯಿತು! – ಹೊಂದಿಸಿಕೊಳ್ಳುವ ಸೀಸಾ ಮಾಡುವ ಮೊದಲು

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ, ತೂಕ 28 ಕೆಜಿ. ಮಗನಿಗೆ 5 ವರ್ಷ, 17 ಕೆಜಿ. ಇಬ್ಬರೂ ಎದುರುಬದುರು ಕೂತು ಆಡುವಂಥ ಒಂದು ಸೀಸಾ ಮನೆಯ ಹಿಂದಿನ ಜಾಗದಲ್ಲಿ ಮಾಡಬೇಕೆಂದಿದ್ದೇನೆ. 3.3 ಮೀಟರ್ ಉದ್ದ, 23 ಸೆಂ.ಮೀ. ಅಗಲ, 4 ಸೆಂ.ಮೀ. ದಪ್ಪದ ಗಟ್ಟಿ ಮರದ ಹಲಗೆ ಇದೆ. ನಡುಗಂಬ 75 ಸೆಂ.ಮೀ. ಎತ್ತರ ಇರಲಿ ಅಂದುಕೊಂಡಿದ್ದೇನೆ. ಹಲಗೆಯ ಅಡಿಗೆ ಮೂರ್ನಾಲ್ಕು ಕಡೆ ಕಚ್ಚು ಹಾಕಿ, ಯಾರು ಕೂರುತ್ತಾರೆ ನೋಡಿಕೊಂಡು ಹಲಗೆಯನ್ನು ಆಚೀಚೆ ಸರಿಸುವುದು ನನ್ನ ಯೋಚನೆ. ಶಾಲೆಯಲ್ಲಿ ಕಲಿತ ಸನ್ನೆಯ ಲೆಕ್ಕ ಹಾಕಿದೆ. 37 ಸೆಂ.ಮೀ. ಸರಿಸಬೇಕು ಅಂತ ಬಂತು. ಒಂದು ದಿಮ್ಮಿಯ ಮೇಲೆ ಹಲಗೆ ಇಟ್ಟು, ಅಷ್ಟು ಸರಿಸಿ ಇಬ್ಬರನ್ನೂ ಕೂರಿಸಿದರೆ ಚಿಕ್ಕವನ ಕಡೆಯೇ ಕೆಳಗೆ ಹೋಯಿತು! ಲೆಕ್ಕ ಎಲ್ಲಿ ತಪ್ಪಿತು? ತೂಕ ಸರಿಯಾಗಿ ಹೊಂದಿಸಿದರೆ ಬೀಳುವ ಭಯ ಇರುವುದಿಲ್ಲ ಅಂತ ಪರಿಚಯದವರೊಬ್ಬರು ಹೇಳುತ್ತಾರೆ, ನಿಜವೇ? ಇನ್ನೊಂದು: ನನ್ನ ತೂಕ 65 ಕೆಜಿ. ಮಗನ ಎದುರು ನಾನೂ ಕೂರುವ ಹಾಗೆ ಮಾಡಬಹುದೇ?

ಉತ್ತರ: ಸಾಮಾನ್ಯವಾಗಿ ಜನ ನನಗೆ ಬರೆಯುವುದು ಕಂಬ ನೆಟ್ಟು, ಕಾಂಕ್ರೀಟ್ ಹಾಕಿ, ಬಣ್ಣ ಬಳಿದ ಮೇಲೆ. ನೀವು ದಿಮ್ಮಿಯ ಮೇಲೆ ಇಟ್ಟು ನೋಡಿ, ಏನೋ ಸರಿಯಿಲ್ಲ ಅನ್ನಿಸಿದ ಕೂಡಲೇ ನಿಂತು ಕೇಳಿದ್ದೀರಿ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಮೊದಲು ಆ ಲೆಕ್ಕದ ವಿಷಯ. ನಿಮ್ಮ ಸೂತ್ರ ತಪ್ಪಲ್ಲ. ತೂಕವನ್ನು ಅಚ್ಚಿನಿಂದ ಇರುವ ದೂರದಿಂದ ಗುಣಿಸಬೇಕು, ಎರಡೂ ಕಡೆ ಒಂದೇ ಬರಬೇಕು, ಅಷ್ಟೇ. ಇಬ್ಬರೂ ಮೊದಲು ನಡುವಿನಿಂದ 1.5 ಮೀಟರ್ ದೂರ ಇದ್ದರು. ಹಲಗೆಯನ್ನು 37 ಸೆಂ.ಮೀ. ಸರಿಸಿದಾಗ ಮಗಳು 1.13 ಮೀಟರಿಗೆ ಬಂದಳು, ಮಗ 1.87 ಮೀಟರಿಗೆ ಹೋದ. 28ನ್ನು 1.13ರಿಂದ ಗುಣಿಸಿದರೆ 31.6. 17ನ್ನು 1.87ರಿಂದ ಗುಣಿಸಿದರೆ 31.8. ಕಾಗದದ ಮೇಲೆ ಎಲ್ಲ ಸರಿ.

ನೀವು ಬಿಟ್ಟಿದ್ದು ಹಲಗೆಯನ್ನೇ. ನೀವು ಕೊಟ್ಟ ಅಳತೆಯ ಗಟ್ಟಿ ಮರದ ಹಲಗೆ ಸುಮಾರು 20 ಕೆಜಿ ತೂಗುತ್ತದೆ. ಅಂದರೆ ನಿಮ್ಮ ಮಗನಿಗಿಂತ ಭಾರ! ಹಲಗೆ ಸರಿಯಾಗಿ ಮಧ್ಯದಲ್ಲಿ ಕೂತಿದ್ದಾಗ ಆ ತೂಕ ಎರಡೂ ಕಡೆ ಹಂಚಿಹೋಗಿರುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. 37 ಸೆಂ.ಮೀ. ಸರಿಸಿದ ಕೂಡಲೇ ಅದರ ನಡುಭಾಗ ಮಗನ ಕಡೆಗೆ ಹೋಯಿತು. 20 ಗುಣಿಸು 0.37, ಅಂದರೆ 7.4. ಈಗ ಮಗನ ಕಡೆ 39 ದಾಟಿತು, ಮಗಳ ಕಡೆ 31.6 ಮಾತ್ರ. ಮಗನ ಬೆನ್ನಿಗೆ 4 ಕೆಜಿಯ ಚೀಲ ನೇತುಹಾಕಿದ ಹಾಗಾಯಿತು. ಅವನು ಕೆಳಗೆ ಹೋಗದೆ ಇನ್ನೇನಾಗಬೇಕು?

ಹಲಗೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಸರಿಸಬೇಕಾದದ್ದು 25 ಸೆಂ.ಮೀ. ಇಷ್ಟು ಸರಿಪಡಿಸಿಕೊಂಡು ನಿಮ್ಮ ಯೋಚನೆಯ ಹಾಗೇ ಮಾಡಬಹುದಿತ್ತು. ಆದರೆ ಮಾಡಬೇಡಿ ಅನ್ನುತ್ತೇನೆ. ಕಾರಣ ತೂಕವಲ್ಲ, ಎತ್ತರ.

ಹಲಗೆ ಸರಿಸಿದರೆ ಚಿಕ್ಕವರೇ ಹೆಚ್ಚು ಮೇಲೆ ಹೋಗುತ್ತಾರೆ

ಹಲಗೆ ಸರಿಸಿದಾಗ ಯಾರ ಕಡೆ ಉದ್ದವಾಗುತ್ತದೆ? ಹಗುರವಾಗಿರುವವರ ಕಡೆ, ಅಂದರೆ ಚಿಕ್ಕ ಮಗುವಿನ ಕಡೆ. ದೊಡ್ಡವರ ಕಡೆ ಗಿಡ್ಡವಾಗುತ್ತದೆ. ಗಿಡ್ಡ ಕಡೆಯ ತುದಿ ನೆಲ ಮುಟ್ಟಬೇಕಾದರೆ ಹಲಗೆ ಜಾಸ್ತಿ ವಾಲಬೇಕು. ಉದ್ದವೂ ಜಾಸ್ತಿ, ವಾಟವೂ ಜಾಸ್ತಿ. ಎರಡೂ ಸೇರಿ ಚಿಕ್ಕ ಮಗುವನ್ನು ಎತ್ತಿ ಹಿಡಿಯುತ್ತವೆ.

ನಿಮ್ಮದೇ ಅಳತೆ ತೆಗೆದುಕೊಳ್ಳೋಣ. ನಡುಗಂಬ 75 ಸೆಂ.ಮೀ., ಹಲಗೆ ಮಧ್ಯದಲ್ಲಿ. ಒಂದು ತುದಿ ನೆಲ ಮುಟ್ಟಿದಾಗ ಹಲಗೆ 27 ಡಿಗ್ರಿ ವಾಲುತ್ತದೆ, ಮೇಲಿನ ಮಗು ಕೂತ ಜಾಗ 1.43 ಮೀಟರ್ ಎತ್ತರ. ಇದೇ ಜಾಸ್ತಿ. 25 ಸೆಂ.ಮೀ. ಸರಿಸಿದರೆ 32 ಡಿಗ್ರಿ, 1.69 ಮೀಟರ್. ನೀವು ಅಂದುಕೊಂಡಿದ್ದ 37 ಸೆಂ.ಮೀ. ಕಚ್ಚಿಗೆ ಹಾಕಿದ್ದರೆ 36 ಡಿಗ್ರಿ, 1.85 ಮೀಟರ್. ಐದು ವರ್ಷದ ಮಗು ನಿಮ್ಮ ತಲೆಗಿಂತ ಮೇಲೆ, ಜಾರುಬಂಡೆಯಂಥ ಹಲಗೆಯ ತುದಿಯಲ್ಲಿ. ದಿಮ್ಮಿ ಗಿಡ್ಡಗಿತ್ತು, ಹಾಗಾಗಿ ನಿಮಗೆ ಇದು ಕಾಣಿಸಲಿಲ್ಲ.

ಹೋಲಿಕೆಗೆ ಹೇಳುತ್ತೇನೆ. ಸಾರ್ವಜನಿಕ ಆಟದ ಜಾಗಗಳಿಗೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿ ಇಂಥ ಸೀಸಾ 25 ಡಿಗ್ರಿಗಿಂತ ಹೆಚ್ಚು ವಾಲಬಾರದು ಅನ್ನುತ್ತದೆ. ಆಟದ ಸಾಮಾನುಗಳ ಸುರಕ್ಷತೆಗೆ ಯುರೋಪಿನಲ್ಲಿರುವ ಇಎನ್ 1176 ಅನ್ನುವ ಮಾನದಂಡ ಇನ್ನೂ ಬಿಗಿ: 20 ಡಿಗ್ರಿ. ಮನೆಯ ಹಿತ್ತಲಿಗೆ ಯಾರೂ ಬಂದು ಅಳೆಯುವುದಿಲ್ಲ, ನಿಜ. ಆದರೆ ಆ ಅಂಕೆಗಳು ಸುಮ್ನೆ ಬಂದಿದ್ದಲ್ಲ. ಅದಕ್ಕಿಂತ ಜಾಸ್ತಿ ವಾಲಿದರೆ ಮೇಲಿನ ಮಗು ಮುಂದಕ್ಕೆ ಜಾರುತ್ತದೆ, ಕೆಳಗಿನ ಮಗು ಹಿಂದಕ್ಕೆ.

ಇನ್ನೂ ಎರಡು ತೊಂದರೆ ಇದೆ. ಒಂದು, ಕಚ್ಚು. 4 ಸೆಂ.ಮೀ. ದಪ್ಪದ ಹಲಗೆಗೆ 1 ಸೆಂ.ಮೀ. ಕಚ್ಚು ಹಾಕಿದರೆ ಕಾಲು ಭಾಗ ಬಲ ಹೋಯಿತು ಅಂದುಕೊಳ್ಳುತ್ತೇವೆ. ಹಾಗಲ್ಲ. ಬಾಗುವಿಕೆ ತಡೆಯುವ ಶಕ್ತಿ ದಪ್ಪದ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಉಳಿಯುವುದು ಹದಿನಾರರಲ್ಲಿ ಒಂಬತ್ತು ಪಾಲು, ಅರ್ಧಕ್ಕಿಂತ ಸ್ವಲ್ಪ ಮೇಲೆ. ಅದೂ ಹಲಗೆಗೆ ಅತಿ ಹೆಚ್ಚು ಒತ್ತಡ ಬೀಳುವ ನಟ್ಟನಡು ಜಾಗದಲ್ಲೇ.

ಎರಡನೆಯದು ಬೆರಳು. ಬಹಳ ವರ್ಷಗಳ ಹಿಂದೆ, ಈ ಕೆಲಸಕ್ಕೆ ಹೊಸಬನಾಗಿದ್ದಾಗ, ನಾನೂ ಕಚ್ಚಿನ ಹಲಗೆಯ ಸೀಸಾ ಒಂದನ್ನು ಮಾಡಿದ್ದೆ. ನೋಡಲು ಚೆಂದ ಇತ್ತು. ಹಲಗೆ ಸರಿಸುವುದು ದೊಡ್ಡವರ ಕೆಲಸ ಅಂತ ನಾನು ಅಂದುಕೊಂಡಿದ್ದೆ. ಮಕ್ಕಳು ಹಾಗೆ ಅಂದುಕೊಂಡಿರಲಿಲ್ಲ. ಇಬ್ಬರು ಹಲಗೆ ಎತ್ತಿದರು, ಮೂರನೆಯವಳು ಕಚ್ಚು ಎಲ್ಲಿದೆ ಅಂತ ಅಡಿಗೆ ಬೆರಳು ಹಾಕಿ ಹುಡುಕಿದಳು, ಎತ್ತಿದವರ ಕೈ ಸೋತಿತು. ಉಗುರು ಕಪ್ಪಾಗಿ ಬಿದ್ದುಹೋಯಿತು, ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಮರುದಿನವೇ ಆ ಹಲಗೆಯನ್ನು ಬೋಲ್ಟ್ ಹಾಕಿ ಕಾಯಂ ಮಾಡಿದೆ. ಅವತ್ತಿನಿಂದ ಸರಿಯುವ ಹಲಗೆ ಮಾಡಿಲ್ಲ.

ಸರಿಯಬೇಕಾದದ್ದು ಪೀಠ

ಹಳೇ ಕಾಲದ ತೂಕದ ಯಂತ್ರ ನೆನಪಿದೆಯಾ? ಮೇಲೆ ನಿಂತರೆ ಡಾಕ್ಟರು ಎದುರಿನ ಸರಳಿನ ಮೇಲೆ ಒಂದು ಬಟ್ಟನ್ನು ಟಕ್ ಟಕ್ ಅಂತ ಸರಿಸುತ್ತಾ ಬರುತ್ತಿದ್ದರು. ಸರಳು ಅಲ್ಲೇ ಇರುತ್ತಿತ್ತು, ಬಟ್ಟು ಮಾತ್ರ ಸರಿಯುತ್ತಿತ್ತು. ನಿಮ್ಮ ಸೀಸಾಗೂ ಅದೇ ಬೇಕು. ಹಲಗೆ ನಡುವಿನಲ್ಲಿ ಭದ್ರವಾಗಿ ಕೂತಿರಲಿ, ಭಾರದ ಮಗು ಒಳಗೆ ಸರಿದು ಕೂರಲಿ.

ಇದರಿಂದ ಮೂರು ಅನುಕೂಲ ಒಟ್ಟಿಗೇ ಸಿಗುತ್ತದೆ. ಹಲಗೆಯ ತೂಕ ಲೆಕ್ಕಕ್ಕೇ ಬರುವುದಿಲ್ಲ. ಚಿಕ್ಕವನು ಯಾವಾಗಲೂ ಒಂದೇ ಎತ್ತರಕ್ಕೆ ಹೋಗುತ್ತಾನೆ. ಹಲಗೆಯ ತುದಿ ಯಾವಾಗಲೂ ಒಂದೇ ಜಾಗದಲ್ಲಿ ಇಳಿಯುತ್ತದೆ. ಈ ಕೊನೆಯದು ಎಷ್ಟು ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಎಷ್ಟು ಸರಿಯಬೇಕು? ಮಗ 1.5 ಮೀಟರಿನಲ್ಲಿ ಕೂತರೆ ಮಗಳು 91 ಸೆಂ.ಮೀ.ನಲ್ಲಿ ಕೂರಬೇಕು ಅಂತ ಸರಳ ಲೆಕ್ಕ ಹೇಳುತ್ತದೆ. ಆದರೆ ಒಂದು ಸಲ ಮಾಡಿದ ತಪ್ಪನ್ನು ಇನ್ನೊಂದು ಸಲ ಮಾಡುವುದು ಬೇಡ. ಪೀಠಕ್ಕೂ ತೂಕ ಇದೆಯಲ್ಲ! ಪೀಠ, ಹಿಡಿಕೆ, ಅಡಿಯ ತಗಡು ಎಲ್ಲ ಸೇರಿ 4 ಕೆಜಿ ಅಂತಿಟ್ಟುಕೊಳ್ಳಿ, ಎರಡೂ ಕಡೆ ಅಷ್ಟೇ ಇದೆ. ಆಗ ಮಗಳ ಜಾಗ 98 ಸೆಂ.ಮೀ. ನಿಮ್ಮ ಪೀಠ ಸಿದ್ಧವಾದ ಮೇಲೆ ತೂಗಿ ನೋಡಿ, ಲೆಕ್ಕ ಮತ್ತೊಮ್ಮೆ ಹಾಕಿ.

1.5 ಮೀಟರಿನಿಂದ 90 ಸೆಂ.ಮೀ.ವರೆಗೆ, 15 ಸೆಂ.ಮೀ.ಗೆ ಒಂದರಂತೆ ಐದು ನಿಲುಗಡೆ ಇಟ್ಟರೆ ಸಾಕು. ಕೊನೆಯ ನಿಲುಗಡೆಯಲ್ಲಿ 31 ಕೆಜಿಯ ಮಗು 17 ಕೆಜಿಯ ಮಗುವಿನ ಎದುರು ಆಡಬಹುದು. 15 ಸೆಂ.ಮೀ. ದೊಡ್ಡ ಹೆಜ್ಜೆ ಆಯಿತಲ್ಲ, ಮಧ್ಯೆ ಬಂದರೆ ಏನು ಮಾಡುವುದು ಅಂತ ಕೇಳಬಹುದು. ಮಕ್ಕಳು ಬೊಂಬೆಗಳಲ್ಲ. ಸ್ವಲ್ಪ ಹಿಂದಕ್ಕೆ ವಾಲಿದರೆ, ಮುಂದಕ್ಕೆ ಬಾಗಿದರೆ ಐದಾರು ಸೆಂ.ಮೀ. ಸರಿದು ಕೂತಷ್ಟೇ ಪರಿಣಾಮ. ಉಳಿದದ್ದನ್ನು ಕಾಲು ನೋಡಿಕೊಳ್ಳುತ್ತದೆ. ನೂಲು ಹಿಡಿದ ಹಾಗೆ ಹೊಂದಿಸುವ ಸ್ಕ್ರೂ ವ್ಯವಸ್ಥೆ ಮಾಡಿಕೊಂಡವರನ್ನೂ ನೋಡಿದ್ದೇನೆ. ಅದನ್ನು ತಿರುಗಿಸುವಷ್ಟು ತಾಳ್ಮೆ ಯಾವ ಮಗುವಿಗೂ ಇರುವುದಿಲ್ಲ.

ಮಕ್ಕಳು ಬೆಳೆದ ಮೇಲೆ? ಒಳ್ಳೆಯ ಸುದ್ದಿ ಅಂದರೆ, ತೂಕದ ಅಂತರ ಕೆಜಿಯಲ್ಲಿ ಹಾಗೇ ಉಳಿದರೂ ಅನುಪಾತ ಕಡಿಮೆಯಾಗುತ್ತಾ ಬರುತ್ತದೆ. ಇವತ್ತು ಮಗಳು ಮಗನ 1.65 ಪಟ್ಟು. ಮುಂದೆ ಅವಳು 40, ಅವನು 27 ಕೆಜಿ ಆದಾಗ 1.5 ಪಟ್ಟಿಗಿಂತ ಕಡಿಮೆ. ಪೀಠ ತಾನಾಗಿ ಹೊರಗಿನ ನಿಲುಗಡೆಗೆ ಹೋಗುತ್ತಾ ಇರುತ್ತದೆ.

ಸರಿಯುವ ಪೀಠ ಒಂದು ಕಡೆ ಇದ್ದರೂ ಆಗುತ್ತದೆ, ದೊಡ್ಡವರು ಯಾವಾಗಲೂ ಆ ಕಡೆ ಕೂರಬೇಕು ಅಷ್ಟೇ. ಸರಿಯುವುದೇ ಬೇಡ, ಮೂರ್ನಾಲ್ಕು ಪೀಠ ಸಾಲಾಗಿ ಕಾಯಂ ಆಗಿ ಹೊಡೆದುಬಿಡೋಣ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಸಮಸ್ಯೆ ಹಿಡಿಕೆಯದ್ದು. ಕೂತ ಮಗುವಿಗೆ ಹಿಡಿಕೆ ಸುಮಾರು 28 ಸೆಂ.ಮೀ. ಮುಂದೆ ಇರಬೇಕು. ಪೀಠಗಳು 30 ಸೆಂ.ಮೀ. ಅಂತರದಲ್ಲಿದ್ದರೆ ಹೊರಗಿನ ಪೀಠದ ಹಿಡಿಕೆ ಸರಿಯಾಗಿ ಒಳಗಿನ ಪೀಠದ ಮೇಲೆಯೇ ಬರುತ್ತದೆ! ಅದಕ್ಕೇ ಪೀಠ ಮತ್ತು ಹಿಡಿಕೆ ಒಂದೇ ತುಂಡಾಗಿ, ಒಟ್ಟಿಗೆ ಸರಿಯಬೇಕು.

ಪೀಠ ಹೇಗಿರಬೇಕು

ಹಲಗೆಯ ಎರಡೂ ಅಂಚನ್ನು ಅಪ್ಪಿಕೊಂಡು ಕೂರುವ, ತಲೆಕೆಳಗಾದ ತೊಟ್ಟಿಯಂಥ ತಗಡಿನ ತಳ ಮಾಡಿಸಿ. ಅಂಚು ಕೆಳಗೆ 2 ಸೆಂ.ಮೀ. ಒಳಕ್ಕೆ ಮಡಿಸಿರಬೇಕು, ಆಗ ಪೀಠ ಮೇಲಕ್ಕೆ ಕಿತ್ತು ಬರುವುದಿಲ್ಲ. ಅದರ ಮೇಲೆ ಪೀಠ, ಮುಂದೆ ಅಡ್ಡಹಿಡಿಕೆ. ಹಿಡಿಕೆ ಎರಡೂ ಕೈಗೆ ಸಿಗಬೇಕು, ತಿರುಗಬಾರದು, ಅಲ್ಲಾಡಬಾರದು. ತುದಿಗೆ ದಪ್ಪ ರಬ್ಬರ್ ಗುಬುಟು ಹಾಕಿ, ಬರೀ ಪೈಪಿನ ತುದಿ ಬಿಡಬೇಡಿ. ಕಾಲಿಡಲು ಅಂತ ಮೆಟ್ಟು ಕೊಡಬೇಡಿ. ಕಾಲು ನೆಲಕ್ಕೆ ಸಿಗುವ ಹಾಗಿರಬೇಕು.

ತಗಡಿಗೂ ಹಲಗೆಗೂ ನಡುವೆ ಪಕ್ಕಗಳಲ್ಲಿ 3 ಮಿ.ಮೀ. ಸಡಿಲ ಬಿಡಿ. ಮಳೆ ಬಂದರೆ ಮರ ಅಗಲಕ್ಕೆ ಉಬ್ಬುತ್ತದೆ, ಬಿಗಿಯಾಗಿ ಮಾಡಿಸಿದ ಪೀಠ ಅಲ್ಲೇ ಕಚ್ಚಿಕೊಂಡು ಕೂರುತ್ತದೆ. ಹಾಗಂತ ಜಾಸ್ತಿಯೂ ಬಿಡಬೇಡಿ. ಮಕ್ಕಳ ಆಟದ ಸಾಮಾನಿನಲ್ಲಿ 8ರಿಂದ 25 ಮಿ.ಮೀ. ನಡುವಿನ ಸಂದು ಅಂದರೆ ಬೆರಳು ಸಿಕ್ಕಿಕೊಳ್ಳುವ ಸಂದು. ಒಂದೋ ಬೆರಳು ಹೋಗದಷ್ಟು ಕಿರಿದು, ಇಲ್ಲವೇ ಸಲೀಸಾಗಿ ಹೊರಬರುವಷ್ಟು ಅಗಲ. ಕಂಬಕ್ಕೂ ಹಲಗೆಗೂ ನಡುವಿನ ಜಾಗಕ್ಕೂ ಇದೇ ನಿಯಮ. ಅಲ್ಲಿ ಸಂದು ಕತ್ತರಿಯ ಹಾಗೆ ತೆರೆದು ಮುಚ್ಚುತ್ತದೆ, ಹಾಗಾಗಿ ಎರಡು ಪಕ್ಕವನ್ನೂ ತಗಡಿನಿಂದ ಮುಚ್ಚಿಬಿಡುವುದು ಲೇಸು.

ನಿಲುಗಡೆಯ ತೂತುಗಳನ್ನು ಹಲಗೆಗೆ ಕೊರೆಯಬೇಡಿ. ಹಲಗೆಯ ಮೇಲೆ ಉದ್ದಕ್ಕೆ ಒಂದು ಕಬ್ಬಿಣದ ಪಟ್ಟಿ ಕೂರಿಸಿ, ತೂತು ಅದರಲ್ಲಿರಲಿ. ಪಿನ್ ತೂತಿನೊಳಗೆ ಪೂರಾ ಇಳಿಯುವಷ್ಟು ಪಟ್ಟಿ ಹಲಗೆಯಿಂದ ಮೇಲೆದ್ದಿರಲಿ. ಪೀಠದ ಪಿನ್ ಅದಕ್ಕೆ ಇಳಿದು ಕೂರುತ್ತದೆ. ಪಟ್ಟಿಯ ಎರಡೂ ಕೊನೆಗೆ ಒಂದೊಂದು ತಡೆ ಬೋಲ್ಟ್ ಮರೆಯಬೇಡಿ, ಪಿನ್ ಕೂರದಿದ್ದರೂ ಪೀಠ ಹಲಗೆಯಿಂದ ಕಳಚಿ ಹೋಗಬಾರದು.

ಪಿನ್ನಿನ ಬಗ್ಗೆ ಒಂದು ಮಾತು. ನನ್ನ ಮೊದಲ ಸರಿಯುವ ಪೀಠಕ್ಕೆ ಕಳಚಿ ತೆಗೆಯುವ ಪಿನ್ ಇಟ್ಟಿದ್ದೆ. ಒಂದೇ ವಾರ. ಪಿನ್ ಎಲ್ಲೋ ಹೋಯಿತು. ಹೋಗಿ ನೋಡಿದರೆ ಅದರ ಜಾಗದಲ್ಲಿ ಒಂದು ಮರದ ಕಡ್ಡಿ, ಅದೂ ಅರ್ಧ ಮುರಿದದ್ದು. ಮಕ್ಕಳು ಅದರ ಮೇಲೇ ಆಡುತ್ತಿದ್ದರು. ಹಾಗಾಗಿ ಪಿನ್ ಪೀಠದಲ್ಲೇ ಇರಬೇಕು. ಸ್ಪ್ರಿಂಗ್ ಇದ್ದು, ಎಳೆದರೆ ಮೇಲೆ ಬಂದು, ಬಿಟ್ಟರೆ ತಾನೇ ಕೆಳಗೆ ಕೂರುವಂಥದ್ದು. ಸ್ಪ್ರಿಂಗ್ ಗಟ್ಟಿಯಿರಲಿ. ದೊಡ್ಡವರ ಕೈಗೆ ಬಗ್ಗಬೇಕು, ಐದು ವರ್ಷದ ಕೈಗೆ ಬಗ್ಗಬಾರದು. ನಿಲುಗಡೆಗಳಿಗೆ ಒಂದೊಂದು ಬಣ್ಣ ಬಳಿಯಿರಿ. "ನಂದು ಹಳದಿ" ಅಂತ ಮಕ್ಕಳೇ ಹೇಳುತ್ತಾರೆ, ನೀವು ಪಿನ್ ಎಳೆದುಕೊಟ್ಟರಾಯಿತು.

ತೂಕ ಹೊಂದಿದರೆ ಬೀಳುವುದಿಲ್ಲವೇ?

ನಿಮ್ಮ ಪರಿಚಯದವರ ಮಾತು ತುಂಬಾ ಜನ ನಂಬುವ ಮಾತು. ನಿಜವಲ್ಲ. ಸೀಸಾದಲ್ಲಿ ಪೆಟ್ಟಾಗುವುದು ಬಹುಪಾಲು ತೂಕ ಹೆಚ್ಚುಕಮ್ಮಿ ಆಗಿದ್ದರಿಂದಲ್ಲ. ಕೆಳಗಿರುವವರು ಸಟಕ್ಕನೆ ಎದ್ದು ಹೋಗುವುದರಿಂದ. ಆ ಕ್ಷಣಕ್ಕೆ ಒಂದು ಕಡೆಯ ತೂಕ ಸೊನ್ನೆ. ಅದುವರೆಗೆ ಎಷ್ಟೇ ನಾಜೂಕಾಗಿ ಹೊಂದಿಸಿದ್ದರೂ ಏನೂ ಪ್ರಯೋಜನವಿಲ್ಲ.

ನಿಮ್ಮ ಹಲಗೆಯಲ್ಲಿ ಮಗ 1 ಮೀಟರ್ ಎತ್ತರದಲ್ಲಿದ್ದಾಗ ಅಕ್ಕ ಎದ್ದು ಓಡಿದಳು ಅಂತಿಟ್ಟುಕೊಳ್ಳಿ. 80 ಸೆಂ.ಮೀ. ಕೆಳಗೆ ಬರುವಷ್ಟರಲ್ಲಿ ಅವನ ವೇಗ ಗಂಟೆಗೆ ಸುಮಾರು 12 ಕಿಲೋಮೀಟರ್. ದೊಡ್ಡ ವೇಗ ಅಲ್ಲ ಅನ್ನಿಸಬಹುದು. ಆದರೆ ಅವನು ಕೂತೇ ಇರುತ್ತಾನೆ. ಕಾಲು ಬಗ್ಗಿಸಿ ಪೆಟ್ಟು ತಾಳಿಕೊಳ್ಳಲು ಆಗುವುದಿಲ್ಲ. ಪೂರಾ ಹೊಡೆತ ಬಾಲಮೂಳೆಗೆ, ಅಲ್ಲಿಂದ ಬೆನ್ನಿಗೆ. ಕಾಲು ಹಲಗೆಯ ಅಡಿಗೆ ಮಡಚಿಕೊಂಡಿದ್ದರೆ ಪಾದಕ್ಕೆ.

ಇದಕ್ಕೆ ಮದ್ದು ಹಳೇ ಟೈರು. ಪ್ರತಿ ತುದಿಯ ಕೆಳಗೆ ಒಂದು ಟೈರನ್ನು ನಿಲ್ಲಿಸಿ ಹೂತುಬಿಡಿ. 60 ಸೆಂ.ಮೀ. ಎತ್ತರದ ಟೈರಾದರೆ 40 ಸೆಂ.ಮೀ. ಮಣ್ಣಿನೊಳಗೆ, 20 ಸೆಂ.ಮೀ. ಮೇಲೆ. ಹಲಗೆ ನೆಲದ ಬದಲು ರಬ್ಬರಿನ ಮೇಲೆ ಇಳಿಯುತ್ತದೆ. 20 ಸೆಂ.ಮೀ. ಜಾಗ ಉಳಿಯುವುದರಿಂದ ಪಾದ ಜಜ್ಜಿಹೋಗುವುದಿಲ್ಲ. ಸ್ಕೂಟರ್ ಟೈರಿನಂಥ ಕಿರಿದಾದದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಪೀಠದ ಮಡಿಕೆಗಳ ನಡುವೆ, ಹಲಗೆಯ ಮರಕ್ಕೇ ತಾಗಬೇಕು, ಕಬ್ಬಿಣಕ್ಕಲ್ಲ. ಟೈರು ಚಿಕ್ಕದಾದರೆ ಹೂಳುವ ಆಳ ಕಡಿಮೆ ಮಾಡಿ, ಮೇಲಿನ 20 ಸೆಂ.ಮೀ. ಮಾತ್ರ ಬದಲಾಗದಿರಲಿ. ತಂತಿ ಹೊರಬಂದ ಟೈರು ಬೇಡ. ಹೂಳುವ ಮೊದಲು ತಳಕ್ಕೆ ನಾಲ್ಕು ತೂತು ಕೊರೆಯಿರಿ, ಇಲ್ಲವಾದರೆ ನೀರು ನಿಂತು ಸೊಳ್ಳೆ ಸಾಕಿದ ಹಾಗಾಗುತ್ತದೆ.

ಹಲಗೆ ಸರಿಸುವುದು ಬೇಡ ಅಂದದ್ದಕ್ಕೆ ದೊಡ್ಡ ಕಾರಣ ಇದೇ. ಕಂಬವನ್ನು 60 ಸೆಂ.ಮೀ.ಗೆ ಇಳಿಸಿ, ಟೈರು ಹೂತು ಸಿದ್ಧಮಾಡಿದ್ದೀರಿ ಅಂತಿಟ್ಟುಕೊಳ್ಳಿ. ಟೈರು ಇರುವುದು 1.5 ಮೀಟರಿನಲ್ಲಿ. ಹಲಗೆಯನ್ನು 25 ಸೆಂ.ಮೀ. ಸರಿಸಿದರೆ ಗಿಡ್ಡ ಕಡೆಯ ತುದಿ 1.4 ಮೀಟರಿಗೇ ಮುಗಿಯುತ್ತದೆ, ಟೈರನ್ನು ಮುಟ್ಟುವುದೇ ಇಲ್ಲ. ಅದರ ಪಕ್ಕದಲ್ಲಿ ನೇರ ನೆಲಕ್ಕೆ ಬಡಿಯುತ್ತದೆ. ಆಗ ಹಲಗೆ 25 ಡಿಗ್ರಿ ದಾಟಿ ವಾಲುತ್ತದೆ, ಚಿಕ್ಕವನು 1.35 ಮೀಟರ್ ಮೇಲೆ. ಪೀಠ ಸರಿಸುವ ವ್ಯವಸ್ಥೆಯಲ್ಲಿ ಇದೇ 60 ಸೆಂ.ಮೀ. ಕಂಬಕ್ಕೆ ವಾಟ 15–16 ಡಿಗ್ರಿ, ಚಿಕ್ಕವನ ಎತ್ತರ 1 ಮೀಟರ್. ಯಾವಾಗಲೂ ಅಷ್ಟೇ. 75 ಸೆಂ.ಮೀ. ಕಂಬವನ್ನು ಮರೆತುಬಿಡಿ.

ಸುತ್ತಲೂ ಎಲ್ಲ ಕಡೆ 1.8 ಮೀಟರ್, ಅಂದರೆ ಆರು ಅಡಿ, ಖಾಲಿ ಜಾಗ ಬೇಕು. ಕೆಳಗೆ ಗಟ್ಟಿ ನೆಲ, ಕಲ್ಲುಹಾಸು ಆಗುವುದಿಲ್ಲ. ಹುಲ್ಲು ಮೆತ್ತಗೆ ಕಂಡರೂ ತುಳಿದು ತುಳಿದು ಗಟ್ಟಿಯಾಗುತ್ತದೆ. ಒತ್ತಿಕೊಂಡ ಮೇಲೂ 23 ಸೆಂ.ಮೀ. ಉಳಿಯುವಷ್ಟು ಮರಳು ಹಾಕಿದರೆ ನಾಲ್ಕು ಅಡಿ ಎತ್ತರದಿಂದ ಬಿದ್ದರೂ ತಡೆಯುತ್ತದೆ ಅಂತ ಆ ಅಮೆರಿಕದ ಕೈಪಿಡಿಯ ಲೆಕ್ಕ. ನಿಮ್ಮದು ಅದರೊಳಗೇ ಇದೆ. ಶುರುವಿನಲ್ಲಿ 30 ಸೆಂ.ಮೀ. ಹಾಕಿ. ಟೈರಿನ ಆ 20 ಸೆಂ.ಮೀ. ಮತ್ತು ಕಂಬದ 60 ಸೆಂ.ಮೀ. ಎರಡನ್ನೂ ಮರಳಿನ ಮಟ್ಟದಿಂದ ಅಳೆಯಬೇಕು. ಕಂಬದ ಕಾಂಕ್ರೀಟಿನ ತಲೆ ಮರಳಿನಿಂದ ಹೊರಗೆ ಕಾಣಬಾರದು.

ನಡುವಿನ ಅಚ್ಚಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪೈಪಿನೊಳಗೆ ಪೈಪು, ಮಧ್ಯೆ ನೈಲಾನ್ ಬುಷ್, ಹಲಗೆಯನ್ನು ಮೇಲೆ ಕೆಳಗೆ ಪಟ್ಟಿ ಕೊಟ್ಟು ಕ್ಲ್ಯಾಂಪ್ ಮಾಡಿ, ಸಡಿಲವಾಗದ ನೈಲಾಕ್ ನಟ್ ಹಾಕಿ. ಬಾಲ್ ಬೇರಿಂಗ್ ಹಾಕಿದರೆ ನಯವಾಗಿ ತಿರುಗುತ್ತದೆ ಅಂತ ವರ್ಕ್‌ಶಾಪಿನವರು ಹೇಳಬಹುದು. ನಯವಾಗಿ ತಿರುಗುವುದು ಇಲ್ಲಿ ಗುಣವಲ್ಲ. ಬುಷ್ಷಿನ ಆ ಸಣ್ಣ ಹಿಡಿತ ಹಲಗೆಯ ಓಟವನ್ನು ಸ್ವಲ್ಪ ತಗ್ಗಿಸುತ್ತದೆ, ಇರಲಿ ಬಿಡಿ.

ಇನ್ನೊಂದು ವಿಚಾರ. ತೂಕ ಸರಿಯಾಗಿ ಹೊಂದಿದ ಮೇಲೂ ಹಲಗೆ ಮಟ್ಟವಾಗಿ ನಿಲ್ಲುವುದಿಲ್ಲ, ಯಾವುದಾದರೂ ಒಂದು ಕಡೆ ನಿಧಾನಕ್ಕೆ ಬೀಳುತ್ತದೆ. ಲೆಕ್ಕ ಮತ್ತೆ ತಪ್ಪಿತು ಅಂತ ಗಾಬರಿಯಾಗಬೇಡಿ. ಕೂತ ಮಕ್ಕಳ ಭಾರ ಅಚ್ಚಿಗಿಂತ ಒಂದು ಗೇಣು ಮೇಲಿರುತ್ತದೆ. ತಲೆಭಾರದ ವಸ್ತು ನೆಟ್ಟಗೆ ನಿಲ್ಲದು. ಮಕ್ಕಳು ಕಾಲಲ್ಲಿ ನೆಲ ಒದ್ದು ಮೇಲೇಳುವುದೇ ಆಟ ಅಲ್ವಾ. ಮಟ್ಟವಾಗಿ ನಿಂತೇಬಿಟ್ಟರೆ ಇಬ್ಬರೂ ಐದು ನಿಮಿಷದಲ್ಲಿ ಎದ್ದು ಹೋಗುತ್ತಾರೆ.

ಬೇರೆ ದಾರಿಗಳು

ಹಗುರ ಕಡೆ ಮರಳಿನ ಚೀಲ ಕಟ್ಟುವವರಿದ್ದಾರೆ. ಸುಲಭ ಅನ್ನಿಸುತ್ತದೆ. ಆದರೆ ಕಟ್ಟಿದ ಭಾರ ಒಂದಲ್ಲ ಒಂದು ದಿನ ಬಿಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ನಿಂತ ಮಗುವಿಗೆ ಭಾರವಾದ ಹಲಗೆ ತಾಗಿದರೆ ಪೆಟ್ಟೂ ಜೋರು. ನಾನು ಬೇಡ ಅನ್ನುತ್ತೇನೆ.

ಸ್ಪ್ರಿಂಗ್ ಸೀಸಾ ಬೇರೆಯೇ ಜಾತಿ. ನಡುವೆ ದಪ್ಪ ಸ್ಪ್ರಿಂಗುಗಳು ಹಲಗೆಯನ್ನು ಮತ್ತೆ ಮಟ್ಟಕ್ಕೆ ತರುತ್ತವೆ. ಒಬ್ಬರು ಎದ್ದು ಹೋದರೂ ಇನ್ನೊಬ್ಬರು ಧಡ್ ಅಂತ ಬೀಳುವುದಿಲ್ಲ. ಐದು ವರ್ಷಕ್ಕಿಂತ ಚಿಕ್ಕವರಿಗೆ ಮಾಡುವುದಾದರೆ ಇದನ್ನೇ ಮಾಡಬೇಕು, ಸಾಮಾನ್ಯ ಸೀಸಾ ಅವರಿಗಲ್ಲ. ನಿಮ್ಮ ಮಗ ಆ ಗೆರೆಯ ಮೇಲೇ ಇದ್ದಾನೆ. ಮೊದಲ ಕೆಲವು ತಿಂಗಳು ಪಕ್ಕದಲ್ಲಿ ನೀವು ನಿಂತಿರಬೇಕು. ಸ್ಪ್ರಿಂಗನ್ನು ಮನೆಯಲ್ಲೇ ಜೋಡಿಸಲು ಮಾತ್ರ ಹೋಗಬೇಡಿ. ಸುರುಳಿಗಳ ನಡುವೆ ಬೆರಳು ಸಿಕ್ಕರೆ ಕಷ್ಟ, ಅಳತೆ ತಪ್ಪಿದರೆ ಮಗುವನ್ನೇ ಚಿಮ್ಮಿಸುತ್ತದೆ. ಬೇಕಾದರೆ ಸಿದ್ಧವಾದದ್ದನ್ನು ಕೊಳ್ಳಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ನೀವು ಕೂರುವುದು. 65 ಕೆಜಿಯವರು 17 ಕೆಜಿಯ ಮಗುವಿಗೆ ಸರಿದೂಗಬೇಕಾದರೆ ಅಚ್ಚಿನಿಂದ 46 ಸೆಂ.ಮೀ. ದೂರದಲ್ಲಿ ಕೂರಬೇಕು. ಮೊಣಕಾಲು ಕಂಬಕ್ಕೆ ತಾಗುತ್ತದೆ, ಹಿಡಿಕೆಗೆ ಜಾಗವೇ ಇರುವುದಿಲ್ಲ. ಅದನ್ನಾದರೂ ಸಹಿಸಬಹುದು. ನಿಜವಾದ ಅಪಾಯ ನೀವು ಕೂರುವ ಗಳಿಗೆ. ಮಗ ಆಗಲೇ ಎದುರು ಕಡೆ ಕೂತಿದ್ದು, ನೀವು ಮೈಭಾರ ಬಿಟ್ಟು ದಪ್ಪನೆ ಕೂತರೆ ಹಲಗೆ ಕವಣೆಯಾಗುತ್ತದೆ. ನಿಮ್ಮ ಕಡೆ ಒಂದು ಗೇಣು ಇಳಿದರೆ ಅವನ ಕಡೆ ಮೂರು ಗೇಣಿಗಿಂತ ಹೆಚ್ಚು ಏರುತ್ತದೆ, ಅಷ್ಟೇ ಪಟ್ಟು ವೇಗದಲ್ಲಿ. ಹಾಗಾಗಿ ಕೂರಬೇಡಿ. ಖಾಲಿ ಪೀಠದ ಪಕ್ಕ ನಿಂತು ಹಿಡಿಕೆಯನ್ನು ಕೈಯಲ್ಲಿ ಒತ್ತಿ, ಬಿಡಿ. ಮಗನಿಗೆ ಅಷ್ಟೇ ಮಜಾ, ನಿಮ್ಮ ಬೆನ್ನಿಗೂ ಕ್ಷೇಮ.

ಎಲ್ಲ ಜೋಡಿಸಿದ ದಿನ ಮಕ್ಕಳನ್ನು ಹತ್ತಿಸಬೇಡಿ. ಎರಡು ಚೀಲಕ್ಕೆ ಮರಳು ತುಂಬಿ, 28 ಮತ್ತು 17 ಕೆಜಿ ತೂಗಿ, ಪೀಠಗಳಿಗೆ ಕಟ್ಟಿ. ಒಂದು ಕಡೆ ಪೂರಾ ಕೆಳಗೆ ಒತ್ತಿ ಹಿಡಿದು, ಆ ಕಡೆಯ ಚೀಲ ಬಿಚ್ಚಿ ಇಳಿಸಿ, ಕೈ ಬಿಟ್ಟು ದೂರ ಸರಿಯಿರಿ. ಇನ್ನೊಂದು ಚೀಲ ಟೈರಿನ ಮೇಲೆ ಇಳಿಯುವ ಸದ್ದು ಕೇಳಿ. ಮಂದವಾದ 'ದೊಪ್' ಬಂದರೆ ಸರಿ. 'ಠಣ್' ಅಂದರೆ ಕಬ್ಬಿಣ ಎಲ್ಲೋ ತಾಗುತ್ತಿದೆ. ಐದೂ ನಿಲುಗಡೆಯಲ್ಲಿ ಹೀಗೆ ಹತ್ತತ್ತು ಸಲ ಮಾಡಿ, ಆಮೇಲೆ ಪಿನ್ನನ್ನೂ ನಟ್ಟುಗಳನ್ನೂ ಕೈಯಲ್ಲಿ ಮುಟ್ಟಿ ನೋಡಿ. ಮೊದಲ ವಾರ ಕಳೆದ ಮೇಲೆ ಇನ್ನೊಮ್ಮೆ ಬಿಗಿಮಾಡಿ. ಹೊಸ ಮರ ಕ್ಲ್ಯಾಂಪಿನ ಅಡಿ ಸ್ವಲ್ಪ ಕುಗ್ಗುತ್ತದೆ, ಮೊದಲು ಸಡಿಲಾಗುವುದು ಅಲ್ಲೇ.